ಇಬ್ಬನಿ ಹುಲ್ಲು

ಸೊಸೆ ಮನೆಗೆ ಬಂದ ವಾರದಲ್ಲೇ ಒಂದು ಕುರಿಮರಿ ತಾಯಿಯ ಕಾಲಡಿ ಸಿಕ್ಕಿ ಸತ್ತಿತು. ಅಂದಿನಿಂದ ಅವಳು ಕುರಿ ರೊಪ್ಪದ ಕಡೆ ಸುಳಿಯುವಂತಿರಲಿಲ್ಲ. ಆದರೂ ಮರಿಗಳು ಒಂದೊಂದಾಗಿ ಸೊರಗಿ ಸಾಯುತ್ತಲೇ ಹೋದವು. ಈ ಬೆಳಿಗ್ಗೆ ಮೇದು ಬಂದ ಕೊನೆಯ ಮರಿಯೂ ಗಂಟಲಡಿ ಊದಿಕೊಂಡು ಅಂಗಳದಲ್ಲಿ ಕುಸಿಯಿತು.

"ಎಂಥಾ ಗಳಿಗೇಲಿ ಕಾಲಿಟ್ಲೋ. ಇದೂ ಹೋದ್ರೆ ಇವಳನ್ನ ತವರಿಗೆ ಬಿಟ್ಟು ಬಾ," ಎಂದು ಅತ್ತೆ ಎಲ್ಲರೆದುರೇ ಮಗನಿಗೆ ಹೇಳಿದಳು. ಬಾಗಿಲ ಹಿಂದೆ ನಿಂತಿದ್ದ ಸೊಸೆ ನಾಚಿಕೆಯಿಂದ ಕುಗ್ಗಿಹೋದಳು. ತನ್ನ ಕಾಲ್ಗುಣವೇ ಕೆಟ್ಟದ್ದಿರಬೇಕೆಂದು ಅವಳಿಗೂ ಅನ್ನಿಸತೊಡಗಿತ್ತು.

ದನದ ಡಾಕ್ಟರು ಬಂದು ಮರಿಯ ಕಣ್ಣುರೆಪ್ಪೆ ಬಿಡಿಸಿ ನೋಡಿದರು. ಒಳಗೆ ರಕ್ತದ ಬಣ್ಣವೇ ಇರಲಿಲ್ಲ.

"ಹೊಟ್ಟೇಲಿ ಜಂತುಹುಳ ತುಂಬಿದೆ. ಹಿಕ್ಕೆಯಿಂದ ಹೊರಬಂದ ಹುಳದ ಮರಿಗಳು ಹುಲ್ಲಿನ ಬುಡದಲ್ಲಿ ಬದುಕಿರ್ತವೆ. ಇಬ್ಬನಿ ಬಿದ್ದಾಗ ಎಸಳಿನ ತುದಿಗೆ ಹತ್ತುತ್ತವೆ, ಬಿಸಿಲೇರಿದ್ರೆ ಕೆಳಗಿಳೀತವೆ. ನೀವು ಹೊತ್ತು ಹುಟ್ಟೋ ಮುಂಚೆ ಮೇಯಿಸ್ತೀರಾ?"

"ಮೊದಲೆಲ್ಲ ಬಿಸಿಲೇರಿದ ಮ್ಯಾಲೇ ಬಿಡ್ತಿದ್ವಿ ಸಾರ್," ಎಂದ ಮಾವ. "ಈಚೆಗೆ ಮಾತ್ರ ನಸುಕಿಗೇ ಹೊಡ್ಕೊಂಡು ಹೋಗ್ತಾ ಇದೀವಿ."

"ಯಾಕೆ?"

ಮಾವ ಹೆಂಡತಿಯ ಕಡೆ ನೋಡಿದ. ಅವಳು ಇಬ್ಬನಿಗೆ ನೆನೆದು ಇನ್ನೂ ಆರದ ತನ್ನ ಸೀರೆಯಂಚನ್ನೇ ನೋಡುತ್ತ ಹೇಳಿದಳು:

"ಸೊಸೆ ಏಳೋದ್ರೊಳಗೆ ಮರಿಗಳು ಆಚೆ ಹೋಗಿರ್ಲಿ, ಅವಳ ಮುಖ ನೋಡೋದು ಬ್ಯಾಡ ಅಂತ ನಾನೇ ಹೊಡ್ಕೊಂಡು ಹೋಗ್ತಿದ್ದೆ."