ನಡುನೀರಿನ ರಾಣಿ

“ಅಂಥಾ ಸಿನೇಮಾನ ಇಲ್ಲ.”

ಸೋಲಾಪುರದಲ್ಲಿ ಎಸ್.ಟಿ. ಬಸ್ಸು ಇಳಿದು ಕಂಬಳಿ ಗಂಟನ್ನು ಹೆಗಲಿಗೇರಿಸುತ್ತ ಅಮೋಗಸಿದ್ಧ ಹೇಳಿದ. ಮದುವೆಯಾದಂದಿನಿಂದ ಇದೇ ಮಾತು. ‘ಇರಲಿಕ್ಕಿಲ್ಲ’ ಎಂದಲ್ಲ, ‘ನನಗೆ ಗೊತ್ತಿಲ್ಲ’ ಎಂದೂ ಅಲ್ಲ. ಇಲ್ಲ ಎಂದರೆ ಇಲ್ಲ. ಕುರಿ ಬಿಟ್ಟು ಬೇರೇನೂ ನೋಡದ ಈ ಮನುಷ್ಯನಿಗೆ ಇಷ್ಟು ಖಾತ್ರಿ ಎಲ್ಲಿಂದ ಬಂತೋ ಎಂದು ಹೆಂಡತಿ ಸೋಮವ್ವನಿಗೆ ಸಿಟ್ಟು.

“ಇಲ್ಲದ್ದನ್ನ ನಾ ಹ್ಯಾಂಗ ನೋಡಿದೆ?”

“ಹುಡುಕು ಹಂಗಾರ.”

ಅವಳು ಅದನ್ನು ನೋಡಿದ್ದು ಮೂಕಿ ಚಿತ್ರಗಳ ಕಾಲದಲ್ಲಿ. ಸೋಮವ್ವನಿಗೆ ಆಗ ಏಳೋ ಎಂಟೋ. ಅಪ್ಪ ಅಕ್ಕಲಕೋಟದಿಂದ ಸೋಲಾಪುರಕ್ಕೆ ಕರೆತಂದು ತಂಬೂ ಸಿನೇಮಾ ತೋರಿಸಿದ್ದ. ಪರದೆಯ ಮೇಲೊಬ್ಬ ರಾಣಿ. ಕುರಿಮರಿಯನ್ನು ಎದೆಗವಚಿಕೊಂಡು ಕಳ್ಳರ ಕೈಯಿಂದ ತಪ್ಪಿಸಿಕೊಳ್ಳುತ್ತಾಳೆ, ತುಂಬಿದ ಭೀಮೆಗೆ ಕುದುರೆ ಇಳಿಸುತ್ತಾಳೆ. ನಡುನೀರಿನಲ್ಲಿ ಕುದುರೆ ನಿಂತೇಬಿಡುತ್ತದೆ. ಅಷ್ಟರಲ್ಲಿ ಊರಿನ ಗಾಡಿ ಹೊರಟಿತೆಂದು ಅಪ್ಪ ಅವಳನ್ನು ಎತ್ತಿಕೊಂಡು ಹೊರಗೆ ಬಂದುಬಿಟ್ಟ. ರಾಣಿ ಇಂದಿಗೂ ನಡುನೀರಿನಲ್ಲೇ ಇದ್ದಾಳೆ.

ಆ ಅರ್ಧ ಕಥೆಯನ್ನು ಸೋಮವ್ವ ಗಂಡನ ಊರಿಗೆಲ್ಲ ಹೇಳಿದ್ದಳು. ಉಣ್ಣೆ ನೂಲುವಾಗ, ಜೋಳ ಹಸನು ಮಾಡುವಾಗ, ಬಾಣಂತಿಯರ ಕೋಣೆಯಲ್ಲಿ. ಅವಳು ಹೇಳಲು ಕೂತಾಗೆಲ್ಲ ಅಮೋಗಸಿದ್ಧ ಪಡಸಾಲೆಯ ಆಚೆ ಹಗ್ಗ ಹೊಸೆಯುತ್ತಿದ್ದ. ಎಂದೂ ನಂಬಿದವನಲ್ಲ, ಎಂದೂ ಎದ್ದು ಹೋದವನೂ ಅಲ್ಲ.

ಹೋದ ತಿಂಗಳು ನಾದಿನಿ ಸುಗಲಾಬಾಯಿ ತುಂಬಿದ ಮನೆಯಲ್ಲಿ ಅಂದುಬಿಟ್ಟಳು: “ವೈನಿ, ನಿನ್ನ ರಾಣಿ ಖೋಟಾ. ನೀನ ಕಟ್ಟಿದ್ದು. ಅದಕ್ಕ ಮುಂದಿಂದು ಬರಂಗಿಲ್ಲ.” ಹೆಂಗಸರೆಲ್ಲ ಸೆರಗು ಬಾಯಿಗಿಟ್ಟು ನಕ್ಕರು. ಅಂದಿನಿಂದ ಸೋಮವ್ವ ಕಥೆಗೆ ಬಾಯಿ ತೆರೆದಿಲ್ಲ. ಗಂಡ ಕಂಬಳಿ ಮಾರಲು ಹೊರಟಾಗ ಹಟ ಹಿಡಿದು ಬೆನ್ನು ಹತ್ತಿದ್ದಳು.

ಮೊದಲ ಟಾಕೀಜಿನ ಬಾಗಿಲು ಕಾಯುವವನು ಕೇಳಿ ನಕ್ಕ. “ಮೂಕಿ ಸಿನೇಮಾ? ಹಳೇ ರೀಲು ಎಲ್ಲಾ ಕರಗಿಸಿ ಕೈಬಳಿ ಮಾಡ್ಯಾರ ತಾಯೀ. ನಿಮ್ಮ ರಾಣಿ ಈಗ ಯಾರದೋ ಕೈಯಾಗ ಖಣಖಣ ಅನ್ನಾಕತ್ತಿರಬೇಕು.” ಸೋಮವ್ವನ ಮುಖ ನೋಡಿ ಅವನಿಗೇ ಪಾಪ ಎನಿಸಿತು. “ತಂಬೂದ ಮಶೀನು ತಿರುವತಿದ್ದ ಕಾಮಣ್ಣ ಇನ್ನೂ ಅದಾನ. ಅವನ್ನ ಕೇಳ್ರಿ.”

ಅಮೋಗಸಿದ್ಧ ಗಂಟನ್ನು ಇನ್ನೊಂದು ಹೆಗಲಿಗೆ ಬದಲಿಸಿದ. ಆಮೇಲೆ ಗಲ್ಲಿಯಿಂದ ಗಲ್ಲಿಗೆ ಹೊರಳಿ, ಯಾರನ್ನೂ ಕೇಳದೆ, ಹಂಚಿನ ಮನೆಯೊಂದರ ಮುಂದೆ ನಿಂತ. ಕಂಬಳಿ ಮಾರುವವರಿಗೆ ಪೇಟೆಯ ಸಂದಿಗೊಂದಿ ಗೊತ್ತಿರುತ್ತದೆ ಎಂದುಕೊಂಡಳು ಸೋಮವ್ವ.

ಕಾಮಣ್ಣ ಹಣ್ಣು ಹಣ್ಣು ಮುದುಕ. ಕಣ್ಣು ಕಿರಿದು ಮಾಡಿ ಅಮೋಗಸಿದ್ಧನನ್ನು ನೋಡಿದ, ಬಹಳ ಹೊತ್ತು ನೋಡಿದ. ಅಮೋಗಸಿದ್ಧ ಮಾಡಿನ ಜಂತಿ ನೋಡತೊಡಗಿದ. ಹಳ್ಳದಾಚೆಯ ಕುರಿಯನ್ನು ಈಚೆಯಿಂದಲೇ ಕರೆಯುವ ಗಂಡ ಇಲ್ಲಿ ಪಿಟ್ಟೆನ್ನಲಿಲ್ಲ. ಮುದುಕ ತಂಬಾಕು ತಿಕ್ಕಿ, ಕೇಳದೆಯೇ ಅರ್ಧ ಅವನ ಅಂಗೈಗೆ ಹಾಕಿದ.

ಸೋಮವ್ವ ಕಥೆ ಹೇಳಿ ಮುಗಿಸುವಷ್ಟರಲ್ಲಿ ಕಾಮಣ್ಣ ತೊಡೆ ತಟ್ಟಿ ನಗುತ್ತಿದ್ದ.

“ಅಕಿ ರಾಣಿ ಅಲ್ಲ ತಂಗೀ, ಇಲಾಯತಿ ಮೇಮಸಾಬ. ಕುರಿಮರಿ ಅಲ್ಲ, ಬಿಳೇ ನಾಯಿ. ಭೀಮಾನದಿ ಅಲ್ಲ, ಸಮುದ್ರ.”

“ಮತ್ತ ಕಳ್ಳರು?”

“ಅಕಿನ ಅಣ್ಣತಮ್ಮರು. ಮನಿಗೆ ಕರಿಯಾಕ ಬಂದವರು.”

ಸೋಮವ್ವ ನೆಲಕ್ಕೆ ಕೂತಳು.

“ಪರದೆ ಮ್ಯಾಲಿನ ಅಕ್ಷರ ಇಂಗ್ರೇಜಿ. ಯಾರಿಗೆ ಬರತಿತ್ತು?” ಎಂದ ಕಾಮಣ್ಣ. “ಅದಕ್ಕ ಒಬ್ಬ ಹೊಸ ಪ್ರಾಯದವನ್ನ ಬಾಜೂಕ ನಿಂದರಿಸಿ ಕನ್ನಡದಾಗ ಒದರಸತಿದ್ದಿವಿ. ಅವಗೂ ಓದಾಕ ಬರತಿದ್ದಿಲ್ಲ. ಬಾಯಿಗೆ ಬಂದದ್ದು ಒದರಾಂವ. ಆದರ ದನಿ ಅಂದರ ದನಿ! ಊರಾಗ ಗೊತ್ತಾದರ ಯಾರೂ ಹೆಣ್ಣ ಕೊಡಂಗಿಲ್ಲಂತ ಮಾರಿಗೆ ರುಮಾಲು ಸುತ್ತಿಕೊಂಡು ನಿಂದರತಿದ್ದ.”

“ಕಡೀಕ ರಾಣಿಗೆ ಏನಾತಂದ?”

“ದಿನಕ್ಕೊಂದು ಅಂತಿದ್ದ. ನಾ ಮಶೀನು ತಿರುವಾಂವ, ನನಗೇನ ನೆನಪು?”

“ಅಂವ ಎಲ್ಲಿ ಅದಾನರಿ ಈಗ?”

ಕಾಮಣ್ಣ ಅಂಗಳಕ್ಕೆ ಉಗುಳಿ ಬಂದ. “ಹೆಣ್ಣು ಸಿಕ್ಕಿರಬೇಕು. ಹೆಣ್ಣು ಸಿಕ್ಕವರು ಮತ್ತ ದನಿ ತೆಗಿಯಂಗಿಲ್ಲ ತಂಗೀ.”

ಮರಳುವ ಬಸ್ಸಿನಲ್ಲಿ ಅಮೋಗಸಿದ್ಧ ಮೆಲ್ಲಗೆ ಅಂದ: “ನಾ ಹೇಳಿದ್ದಿಲ್ಲೇನು, ಅಂಥಾ ಸಿನೇಮಾನ ಇಲ್ಲಂತ?”

ಸೋಮವ್ವ ಸೆರಗನ್ನು ತಲೆಯ ಮೇಲೆಳೆದುಕೊಂಡಳು. ಸುಗಲಾಬಾಯಿ ಗೆದ್ದಿದ್ದಳು. ಒಂದು ಆಯುಷ್ಯವೆಲ್ಲ ಒಬ್ಬ ಅಕ್ಷರ ಬಾರದವನ ಬಾಯಿಬಡಿತವನ್ನು ಹೊತ್ತು ತಿರುಗಿದ್ದಾಯಿತು. ಸಾಲು ಜಾಲಿಗಳು ಹಿಂದೆ ಓಡುತ್ತಿದ್ದವು. ವಳಸಂಗ ಊರು ದಾಟಿತು. ಅವಳ ಕಣ್ಣಲ್ಲಿ ನೀರು ಬಂತು. ಆದರೆ ವಿಚಿತ್ರ ನೋಡಿ, ಆ ಮೇಮಸಾಬಳ ಮೇಲೆ ಅವಳಿಗೆ ಎಳ್ಳಷ್ಟೂ ಮಮತೆ ಹುಟ್ಟಲಿಲ್ಲ. ರಾಣಿ ರಾಣಿಯಾಗಿಯೇ ಉಳಿದಿದ್ದಳು, ಮರಿಯನ್ನು ಅವಚಿಕೊಂಡು, ಸೊಂಟಮಟ್ಟದ ನೀರಿನಲ್ಲಿ.

“ಸುಳ್ಳ ಇದ್ದರ ಇರಲಿ,” ಎಂದಳು ಕೊನೆಗೆ. “ಎಷ್ಟು ಛಂದ ಸುಳ್ಳು ಹೇಳಿದ್ದ! ಅಂವ ಸಿಕ್ಕಿದ್ದರ ಜಗಳ ಮಾಡತಿದ್ದಿಲ್ಲ. ಒಂದ ಮಾತು ಕೇಳತಿದ್ದೆ. ಅಕಿ ಹೊಳಿ ದಾಟಿದಳೋ ಇಲ್ಲೋ, ಅಷ್ಟ.”

ಅಮೋಗಸಿದ್ಧ ಕಿಟಕಿಯಾಚೆ ನೋಡುತ್ತಲೇ ಇದ್ದ. ಗಂಟಲು ಸರಿಮಾಡಿಕೊಂಡ. ಅವನು ತೆಗೆದ ದನಿಗೆ ಇಡೀ ಬಸ್ಸು ತಿರುಗಿ ನೋಡಿತು.

“ದಾಟಿದಳು. ಮುಳುಗಸಬೇಕಂತ ಮಾಡಿದ್ದೆ, ಅಷ್ಟರಾಗ ಹಳದಿ ಲಂಗದ ಹುಡುಗಿ ಒಂದು ಅಪ್ಪನ ಹೆಗಲಮ್ಯಾಲ ಅಳಕೋತ ಹೊರಗ ಹೋತು, ನನಗ ಮನಸಾಗಲಿಲ್ಲ.”