ಎಂಪೈರ್ ಸ್ಟೇಟಿನಲ್ಲಿ ಹೆಣ್ಣು ನೋಡಿದ್ದು

ಬಸ್ಸು ಇನ್ನೂ ನದಿಯಡಿಯ ಲಿಂಕನ್ ಟನೆಲ್ ಹೊಕ್ಕಿರಲಿಲ್ಲ, ಚನ್ನಬಸಮ್ಮನವರಿಗೆ ಆಗಲೇ ಗೊತ್ತಾಗಿಬಿಟ್ಟಿತ್ತು.

“ಇದು ಟೂರ್ ಅಲ್ರೀ. ಹೆಣ್ಣು ನೋಡ್ಲಿಕ್ಕೆ ಹೊಂಟಾರ,” ಎಂದು ಗಂಡ ಈಶಣ್ಣನವರ ಪಕ್ಕೆ ತಿವಿದರು. ಈಶಣ್ಣ ಕಣ್ಣು ಬಿಡದೆ ಹೂಂ ಎಂದರು.

ಆ ವರ್ಷ ಪೆಟ್ರೋಲಿಗೆ ಕ್ಯೂ ನಿಂತು ಎಲ್ಲರೂ ಸೋತಿದ್ದರು. ಕಾರು ತೆಗೆಯುವುದೇ ಬೇಡವೆಂದು ಸುತ್ತಲಿನ ಕನ್ನಡದವರು ಸೇರಿ ಬಸ್ಸು ಗೊತ್ತು ಮಾಡಿಕೊಂಡಿದ್ದರು. ಬೆಳಿಗ್ಗೆ ಎಂಪೈರ್ ಸ್ಟೇಟ್ ಕಟ್ಟಡ, ಮಧ್ಯಾಹ್ನ ಜಪಾನಿ ಊಟ, ಆಮೇಲೆ ದೋಣಿಯಲ್ಲಿ ಲಿಬರ್ಟಿ ಪ್ರತಿಮೆ. ಎರಡು ಮನೆಯವರು ತಮ್ಮ ಪಾಡಿಗೆ ತಾವು ಟಿಕೆಟ್ ತೆಗೆದುಕೊಂಡು, ಅಕಸ್ಮಾತ್ ಭೇಟಿಯಾದವರಂತೆ ನಮಸ್ಕಾರ ಹೇಳಿಕೊಳ್ಳಲು ಇದಕ್ಕಿಂತ ಒಳ್ಳೆಯ ಜಾಗ ಯಾವುದಿದೆ? ಸಂಬಂಧ ಕುದುರದಿದ್ದರೆ ಯಾರಿಗೂ ಮುಜುಗರವಿಲ್ಲ. ಊರು ನೋಡಿದಂತಾಯಿತು, ಅಷ್ಟೆ.

ಒಂದು ಕಡೆ ಕೆಂಡಲ್ ಪಾರ್ಕಿನ ಕೃಷ್ಣಸ್ವಾಮಿ, ಅವರ ಮಗಳು ನಿರುಪಮಾ. ತಾಯಿಯಿಲ್ಲದ ಹುಡುಗಿ. ಅಪ್ಪನಿಗೆ ಅನ್ನ ಸಾರು ಮಾಡಿಟ್ಟೇ ಕಾಲೇಜಿಗೆ ಹೋಗುವವಳು. ಇನ್ನೊಂದು ಕಡೆ ಮಾರಿಸ್‌ಟೌನಿನ ಪಂಕಜಮ್ಮ, ಅವರ ಮಗ ದಿವಾಕರ. ಗಂಡ ತೀರಿಕೊಂಡ ಮೇಲೆ ಮೈಸೂರಿನಲ್ಲಿ ಬ್ಯಾಂಕ್ ಕೆಲಸ ಮಾಡಿ ಒಬ್ಬನೇ ಮಗನನ್ನು ಎಂಜಿನಿಯರ್ ಮಾಡಿದ ಗಟ್ಟಿಗಿತ್ತಿ. ಅಂಥವರು ಅಷ್ಟು ಸುಲಭವಾಗಿ ಸೊಸೆಯನ್ನು ಒಪ್ಪುತ್ತಾರೆಯೇ?

ಕೃಷ್ಣಸ್ವಾಮಿ ಹೊಸ ಸೂಟು ಹಾಕಿದ್ದರು. ಶೇವ್ ಮಾಡುವಾಗ ಗಲ್ಲ ಕೊಯ್ದುಕೊಂಡಿದ್ದರು. ಹೆಣ್ಣು ಹೆತ್ತವರ ಗಾಬರಿ, ಪಾಪ. ಪಂಕಜಮ್ಮ ಮೈಸೂರು ರೇಷ್ಮೆ ಸೀರೆ ಉಟ್ಟು ಬಂದಿದ್ದರು. ಗಂಡಿನ ಕಡೆಯ ಗತ್ತು. ನಿರುಪಮಾಳನ್ನು ನೋಡಿ ಮಾತ್ರ ಚನ್ನಬಸಮ್ಮನವರಿಗೆ ಸಿಟ್ಟು ಬಂತು.

“ನೋಡಿಸ್ಕೊಳ್ಳೋ ಹುಡುಗಿ ಪ್ಯಾಂಟ್ ಹಾಕ್ಕೊಂಡ್ ಬಂದಾಳ!”

ತಡೆಯಲಾರದೆ ಆಕೆಯನ್ನು ಪಕ್ಕಕ್ಕೆ ಕೂರಿಸಿಕೊಂಡು ವಿಚಾರಿಸಿದರು. ನಿರುಪಮಾ ಏನನ್ನೂ ಮುಚ್ಚಿಡಲಿಲ್ಲ. ಬಾಸ್ಟನ್ನಿನಲ್ಲಿ ಪಿಎಚ್‌ಡಿಗೆ ಸೀಟು ಸಿಕ್ಕಿದೆಯಂತೆ. ಸೆಪ್ಟೆಂಬರಿಗೆ ಸೇರಬೇಕಂತೆ.

“ಇವತ್ತು ಒಪ್ಪಿಗೆಯಾದ್ರೆ ಹೋಗ್ತೀನಿ ಆಂಟಿ. ಇಲ್ಲದಿದ್ರೆ ಆ ಸೀಟು ಬಿಡಬೇಕು.”

ಮದುವೆಯಾದ ಮೇಲೆ ಓದಿಸುವುದಾಗಿ ಹುಡುಗ ಮಾತು ಕೊಟ್ಟಿರಬೇಕು ಎಂದುಕೊಂಡರು ಚನ್ನಬಸಮ್ಮ. ಹುಡುಗಿಯ ತಣ್ಣನೆಯ ಕೈ ಹಿಡಿದಾಗ ಸಿಟ್ಟು ಇಳಿದುಹೋಯಿತು. ಅವರಿಗೂ ಹೆಣ್ಣುಮಕ್ಕಳಿದ್ದಾರೆ.

ಎಂಪೈರ್ ಸ್ಟೇಟಿನ ಲಿಫ್ಟಿನಿಂದ ಹೊರಬಂದದ್ದೇ ನಿರುಪಮಾ, ದಿವಾಕರ ಇಬ್ಬರೂ ಮಾಯವಾದರು. ಹಿರಿಯರು ಬೇಕೆಂದೇ ಬಿಟ್ಟಿರಬೇಕು. ಹುಡುಗ ಹುಡುಗಿ ಒಂದಿಷ್ಟು ಮಾತಾಡಲಿ ಎಂದು ಊರಲ್ಲಿ ಹಿತ್ತಿಲಿಗೆ ಕಳಿಸುವುದಿಲ್ಲವೇ, ಹಾಗೆ. ಇತ್ತ ಗಾಳಿಗೆ ಸೆರಗು ಹಿಡಿದು ನಿಂತ ಪಂಕಜಮ್ಮನವರಿಗೆ ಕೃಷ್ಣಸ್ವಾಮಿ ದೂರದರ್ಶಕದಲ್ಲಿ ನಾಣ್ಯ ಹಾಕಿ ಹಡ್ಸನ್ ನದಿ ತೋರಿಸಿದರು. ಒಂದು ನಾಣ್ಯ ಮುಗಿದರೆ ಇನ್ನೊಂದು. ಬೀಗಿತ್ತಿಗೆ ನದಿ ಸಾಕೆನಿಸಲೇ ಇಲ್ಲ.

ಜಪಾನಿ ಹೋಟೆಲಿನ ಬಾಗಿಲಲ್ಲಿ ಬೂಟು ಚಪ್ಪಲಿ ಬಿಟ್ಟು ಚಾಪೆಯ ಮೇಲೆ ಕೂರಬೇಕಿತ್ತು. ಹೊರಗಡೆ ಊಟಕ್ಕೆ ಹೋದಾಗಲೆಲ್ಲ ಬೂಟುಗಾಲಲ್ಲೇ ಉಣ್ಣಬೇಕಲ್ಲ ಎಂದು ಕೊರಗುತ್ತಿದ್ದವರೆಲ್ಲ ಖುಷಿಯಾದರು. ಕೃಷ್ಣಸ್ವಾಮಿ ಬಗ್ಗಿ ಪಂಕಜಮ್ಮನವರ ಚಪ್ಪಲಿಯನ್ನು ಯಾರೂ ತುಳಿಯದಂತೆ ಗೋಡೆಗೆ ಸರಿಸಿಟ್ಟರು.

“ಮಗಳ ಸಲುವಾಗಿ ಎಷ್ಟ್ ಬಗ್ಗಬೇಕು ನೋಡ್ರಿ,” ಎಂದು ಚನ್ನಬಸಮ್ಮ ನಿಟ್ಟುಸಿರಿಟ್ಟರು. ಈಶಣ್ಣನವರಿಗೆ ಹಸಿವಾಗಿತ್ತು.

ಸಸ್ಯಾಹಾರಿಗಳಿಗೆಂದು ಹೇಳಿ ಮಾಡಿಸಿದ್ದ ಟೆಂಪುರಾ ಬಂತು. ಬಾಯಿಗಿಟ್ಟವರೆಲ್ಲ ಅದು ಬಜ್ಜಿ ಎಂದು ತೀರ್ಮಾನಿಸಿ ನಿಶ್ಚಿಂತರಾದರು. ಹಾಲು ಸಕ್ಕರೆ ಎರಡೂ ಇಲ್ಲದ ಹಸಿರು ಟೀಯನ್ನು ಕಷಾಯವೆಂದು ಕುಡಿದರು. ಕಡ್ಡಿಗಳನ್ನು ಬದಿಗಿಟ್ಟು ಕೈಯಲ್ಲೇ ಅನ್ನ ಕಲಸಿದರು. ಚನ್ನಬಸಮ್ಮನವರ ಗಮನ ಮಾತ್ರ ಪಕ್ಕದ ಮೇಜಿನ ಮೇಲಿತ್ತು. ಅಲ್ಲಿ ದಿವಾಕರ ನಿರುಪಮಾಳ ತಟ್ಟೆಯಿಂದ ಗೆಣಸಿನ ಬಜ್ಜಿ ಕದ್ದ. ಆಕೆ ಕಡ್ಡಿಯಿಂದ ಅವನ ಬೆರಳಿಗೆ ಹೊಡೆದಳು. ಇನ್ನೂ ನಿಶ್ಚಯವೇ ಆಗಿಲ್ಲ, ಇಷ್ಟು ಸಲುಗೆ!

ಪಂಕಜಮ್ಮ ಅತ್ತ ನೋಡಲೇ ಇಲ್ಲ. ಕೃಷ್ಣಸ್ವಾಮಿಯವರ ಮನೆಯ ಒಲೆ ಎಂಥದು, ಹಿತ್ತಿಲಿಗೆ ಬಿಸಿಲು ಬೀಳುತ್ತದೆಯೇ, ಕರಿಬೇವು ಬದುಕೀತೇ ಎಂದೆಲ್ಲ ವಿಚಾರಿಸುತ್ತಿದ್ದರು.

“ಸಾರಿಗೆ ಹುಳಿ ಮುಂದಿರಬೇಕಾ, ಹಿಂದಿರಬೇಕಾ?” ಎಂದು ಕೊನೆಗೆ ಕೇಳಿದರು.

“ನೀವು ಹಾಕಿದಷ್ಟು,” ಎಂದು ಕೃಷ್ಣಸ್ವಾಮಿ ತಟ್ಟೆ ನೋಡುತ್ತ ಹೇಳಿದರು.

ಬೀಗಿತ್ತಿಯನ್ನು ಹೊಗಳುವುದಕ್ಕೂ ಒಂದು ಮಿತಿ ಬೇಡವೇ ಎನಿಸಿತು ಚನ್ನಬಸಮ್ಮನವರಿಗೆ. ಮಗಳ ಅಡುಗೆಯ ಬಗ್ಗೆ ಆ ಮನುಷ್ಯ ಒಂದು ಮಾತನ್ನೂ ಆಡಿರಲಿಲ್ಲ.

ದೋಣಿಯಲ್ಲಿ ಎಲ್ಲರೂ ಲಿಬರ್ಟಿಯನ್ನು ನೋಡುತ್ತಿದ್ದರೆ ನಿರುಪಮಾ ಕಟಕಟೆಯ ಬಳಿ ನಿಂತಿದ್ದ ಹಿರಿಯರಿಬ್ಬರನ್ನೇ ನೋಡುತ್ತಿದ್ದಳು. ಪಂಕಜಮ್ಮ ಮಗನನ್ನು ಕರೆದು ಕಿವಿಯಲ್ಲಿ ಏನೋ ಹೇಳಿದರು. ದಿವಾಕರ ನಿರುಪಮಾಳತ್ತ ಬಂದ.

“ಅಮ್ಮ ಹೂಂ ಅಂದ್ರು.”

ನಿರುಪಮಾ ಮುಖ ಮುಚ್ಚಿಕೊಂಡಳು. ಬೆರಳ ಸಂದಿಯಲ್ಲಿ ನೀರು ಇಳಿಯಿತು. ಚನ್ನಬಸಮ್ಮನವರ ಕಣ್ಣೂ ಒದ್ದೆಯಾಯಿತು. ಆಕೆಯ ಬೆನ್ನು ಸವರಿ, ಬಾಸ್ಟನ್ ಗಟ್ಟಿಯಾಯಿತಲ್ಲ, ಇನ್ನೇಕೆ ಅಳು, ಹೋಗಿ ಪಂಕಜಮ್ಮನವರ ಕಾಲಿಗೆ ನಮಸ್ಕಾರ ಮಾಡು ಎಂದರು.

ನಿರುಪಮಾ ಹಾಗೆಯೇ ಮಾಡಿದಳು. ಎದ್ದು ಕಣ್ಣೊರೆಸಿಕೊಂಡು ದಿವಾಕರನ ಕಡೆ ತಿರುಗಿದಳು.

“ಅಣ್ಣಾ, ನಿಮ್ಮ ಅಮ್ಮನನ್ನ ಮನೆ ತುಂಬಿಸಿಕೊಳ್ಳೋದಕ್ಕೆ ನಮ್ಮ ಅಪ್ಪ ಯಾವತ್ತು ಬರಬೇಕು?”