ಪರದೆಯಿಲ್ಲದ ಕ್ಯಾಮೆರಾ

ಮೊಮ್ಮಗಳು ವಾಣಿಶ್ರೀ ಬಟನ್ ಒತ್ತುವ ಮೊದಲೇ ನರಸಿಂಹಮ್ಮ ಅವಳ ಕೈಯಿಂದ ಕ್ಯಾಮೆರಾ ಕಿತ್ತುಕೊಂಡು ತಿರುಗಿಸಿ ನೋಡಿದರು. ಹಿಂಭಾಗದಲ್ಲಿ ಪರದೆಯೇ ಇರಲಿಲ್ಲ. "ಪಟ ಎಲ್ಲಿ ಕಾಣ್ತದೆ? ತುಮಕೂರಿನ ಅಂಗ್ಡಿಯೋನು ನಿಂಗೆ ಟೋಪಿ ಹಾಕವ್ನೆ ಕಣೇ."

"ಇದು ರೀಲಿನ ಕ್ಯಾಮೆರಾ ಅಜ್ಜಿ. ಸೆಕೆಂಡ್ ಹ್ಯಾಂಡು, ಅದಕ್ಕೇ ಅಗ್ಗಕ್ಕೆ ಸಿಕ್ತು. ಫೋಕಸ್ಸು ತಾನೇ ಮಾಡ್ಕೊಳ್ತದೆ. ರೀಲು ತೊಳೆಸಿದ್ಮೇಲೇನೇ ಪಟ ಕಾಣೋದು."

ಅಜ್ಜಿಗೆ ನಂಬಿಕೆ ಬರಲಿಲ್ಲ. ಎಡಗೆನ್ನೆಯ ಮೇಲೆ ಬಿಳಿ ಮಚ್ಚೆ ಹರಡಿದಾಗಿನಿಂದ ಮನೆಯವರ ಫೋಟೊಗಳಲ್ಲಿ ತಾವು ಕಾಣಿಸುತ್ತಿಲ್ಲ ಎಂಬುದನ್ನು ಅವರು ಗಮನಿಸಿದ್ದರು. ಕುಣಿಗಲ್ಲಿನ ಮದುವೆಯಲ್ಲಿ ಸೊಸೆ ಫೋನಿನಲ್ಲಿ ಅವರ ಫೋಟೊ ತೆಗೆದು, ಮುಖ ಸಿಂಡರಿಸಿ, ಅವರೆದುರಿಗೇ ಅಳಿಸಿಹಾಕಿದ್ದಳು. ಇವಳೂ ಆ ತಾಯಿಯ ಮಗಳೇ ತಾನೆ?

"ಚೆನ್ನಾಗಿ ಬರ್ಲಿಲ್ಲ ಅಂದ್ರೆ ಅಳಿಸ್ತೀಯಾ?" ಕೇಳುವಾಗ ಅಜ್ಜಿಯ ಕಣ್ಣು ಮೊಮ್ಮಗಳ ಮುಖವನ್ನು ಬಿಟ್ಟು ಕದಲಲಿಲ್ಲ.

"ಅಳ್ಸೋಕೇ ಬರಲ್ಲ ಅಜ್ಜಿ. ಒಂದ್ಸಲ ಹೊಡುದ್ರೆ ಮುಗೀತು, ಹೆಂಗೆ ಬಂದ್ರೂ ಉಳ್ಕೊಳ್ತದೆ. ಮೊದಲ್ನೇ ಪಟ ನಿಂದೇ ಆಗ್ಲಿ ಅಂತ ಗುಬ್ಬಿಗೆ ಬಂದೆ."

ನರಸಿಂಹಮ್ಮ ಕ್ಯಾಮೆರಾದ ಬೆನ್ನನ್ನು ಇನ್ನೊಮ್ಮೆ ಸವರಿ ನೋಡಿ ವಾಪಸು ಕೊಟ್ಟರು. ಆಮೇಲೆ ತಲೆಯ ಮೇಲಿನ ಸೆರಗನ್ನು ಹಿಂದಕ್ಕೆ ಸರಿಸಿ, ಎಡಗೆನ್ನೆಯನ್ನು ಬೆಳಕಿಗೆ ತಿರುಗಿಸಿ ನೆಟ್ಟಗೆ ಕೂತರು.

"ಹಂಗಾದ್ರೆ ತೆಗಿ."